ಕಡಲೆ ಹೊಲದ ಗೇಟು

ಮೊನ್ನೆ ಬೆಳಿಗ್ಗೆ ನಮ್ಮ ಮನೆಯ ವಾಷಿಂಗ್ ಮೆಷಿನ್ನಿನಿಂದ ನೀರು ಇಳಿಯದೆ ನಿಂತಿತು. ನನ್ನ ಹೆಂಡತಿ ಗೌರಿ ಕೆಳಗಿನ ಜಾಲರಿ ಬಿಚ್ಚಿ ನೂಲು, ಕೂದಲು, ಒಂದು ಶರ್ಟಿನ ಗುಂಡಿ ಎಲ್ಲವನ್ನೂ ಕೆರೆದು ಹೊರಗೆ ಹಾಕಿದಳು. ಅದರ ನಡುವೆ ಒಂದೇ ಒಂದು ಕಡಲೆಕಾಳು ಬೆಳ್ಳಗೆ ಮೊಳಕೆಯೊಡೆದು ಕೂತಿತ್ತು.

"ಜೇಬು ನೋಡ್ಕೊಂಡು ಶರ್ಟು ಒಗೆಯೋಕೆ ಹಾಕಿ ಅಂತ ಎಷ್ಟು ಸಾರಿ ಬಡ್ಕೊಳ್ಳಲಿ? ಎಸೀಲಾ ಇದನ್ನ?" ಎಂದಳು.

ನಾನು ಕಾಳನ್ನು ಅಂಗೈ ಮೇಲೆ ಇಟ್ಟುಕೊಂಡು ನಿಂತೆ. ನೋಡಿ, ಇದಕ್ಕೆ ಯಾರೂ ಸಾಲು ಎಳೆದಿರಲಿಲ್ಲ, ಬೆಲ್ಲದ ನೀರು ಸವರಿರಲಿಲ್ಲ, ಸ್ಕೇಲು ಹಿಡಿದು ಆಳ ನೋಡಿರಲಿಲ್ಲ. ಸೋಪಿನ ನೀರು ಕುಡಿದು, ಗಿರಗಿರ ತಿರುಗಿ, ಕತ್ತಲಲ್ಲಿ ತಾನಾಗಿ ಮೊಳೆತಿತ್ತು. ನಾಲ್ಕು ತಿಂಗಳಿಂದ ಇದರ ಅಣ್ಣತಮ್ಮಂದಿರಿಗೆ ನಾನು ಮಾಡಿದ ಉಪಚಾರ ನೆನೆದು ನಗಬೇಕೋ ನಾಚಬೇಕೋ ತಿಳಿಯಲಿಲ್ಲ. ತಿಳಿಯದಿರುವುದು ನನಗೇನೂ ಹೊಸದಲ್ಲ. ಈ ಕಡಲೆ ಪುರಾಣದಲ್ಲಿ ನನಗೆ ತಿಳಿದದ್ದಕ್ಕಿಂತ ತಿಳಿಯದ್ದೇ ಹೆಚ್ಚು.

ನಾನು ಗದಗ ಕಡೆಯವನು. ಕೆ.ಜಿ.ಎಫ್.ಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಲ್ಲಿನ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಇಡುತ್ತೇನೆ. ಇಲ್ಲಿಯವರಿಗೆ ಗದಗ ಎಂದರೆ ಎರೆಮಣ್ಣು, ಎರೆಮಣ್ಣು ಎಂದರೆ ಕಡಲೆ, ಆದ್ದರಿಂದ ನಾನು ಕಡಲೆಯ ಪಂಡಿತ. ನಮ್ಮಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು, ನಮಗೆ ಗೇಣು ಹೊಲವೂ ಇರಲಿಲ್ಲ, ಕಡಲೆಯಲ್ಲಿ ನಾನು ಕಲಿತದ್ದು ತಿನ್ನುವುದನ್ನು ಮಾತ್ರ ಎಂದು ನಾನು ಯಾರಿಗೂ ಹೇಳಲಿಲ್ಲ. ಪಂಡಿತ ಎಂದು ಕರೆದರೆ ಬೇಡ ಎನ್ನಲು ಯಾರಿಗೆ ಮನಸ್ಸು ಬರುತ್ತದೆ, ನೀವೇ ಹೇಳಿ.

ತಿನ್ನುವುದರಲ್ಲಿ ಮಾತ್ರ ನನ್ನನ್ನು ಮೀರಿಸಿದವರಿರಲಿಲ್ಲ. ಸುಗ್ಗಿ ಹತ್ತಿರ ಬಂದರೆ ಹಸಿಕಡಲೆಯ ಗಿಡವನ್ನು ಬೇರು ಸಮೇತ ಕಂಕುಳಲ್ಲಿ ಇರುಕಿಕೊಂಡು ಸಾಲೆಗೆ ಹೋಗುತ್ತಿದ್ದೆವು. ಆ ಗಿಡ ಮುಟ್ಟಿದರೆ ಬೆರಳೆಲ್ಲ ಹುಳಿ. ಪಾಟಿಯ ಮೇಲೆ ತಪ್ಪು ಬರೆದದ್ದನ್ನು ಅದೇ ಬೆರಳಿನಿಂದ ಉಜ್ಜಿ, ಆಮೇಲೆ ಬೆರಳನ್ನು ನೆಕ್ಕುತ್ತಿದ್ದೆ. ನಾನು ತಪ್ಪು ಹೆಚ್ಚು ಮಾಡುತ್ತಿದ್ದದ್ದಕ್ಕೆ ಈ ರುಚಿಯೂ ಒಂದು ಕಾರಣವಿರಬೇಕು. ಮನೆಯಲ್ಲಿ ಅವ್ವ ಕಡಲೆ ಗಿಡದ ಎಳೆ ಸೊಪ್ಪಿನಿಂದ ಕಡ್ಲಿ ಪಲ್ಯ ಮಾಡುತ್ತಿದ್ದಳು. ಬಿಸಿ ಜೋಳದ ರೊಟ್ಟಿ, ಮೇಲೆ ಆ ಹುಳಿಹುಳಿ ಪಲ್ಯ, ಒಂದಿಷ್ಟು ಹಸಿ ಎಣ್ಣೆ. ಆ ಸೊಪ್ಪು ಎಲ್ಲಿಂದ ಬರುತ್ತದೆ ಎಂದು ನಾನು ಎಂದೂ ಕೇಳಲಿಲ್ಲ. ಅವ್ವನ ಸೀರೆಯ ಉಡಿಯಿಂದ ಬರುತ್ತಿತ್ತು, ಅಷ್ಟೇ.

ಗೌರಿಯ ತವರು ಬಂಗಾರಪೇಟೆ ಹತ್ತಿರದ ಒಂದು ಹಳ್ಳಿ. ಅಲ್ಲಿ ಕೆರೆಯ ಕೆಳಗೆ ಅವಳ ಪಾಲಿನ ಒಂದು ಎಕರೆ ಹೊಲವಿದೆ. ವರ್ಷಾ ವರ್ಷಾ ರಾಗಿ ಹಾಕುತ್ತಿದ್ದರು. ಕಳೆದ ವರ್ಷ ರಾಗಿಯ ಹೊತ್ತಿಗೆ ಎಲ್ಲೋ ಅಡಗಿದ್ದ ಮಳೆ, ದಸರಾ ಕಳೆದ ಮೇಲೆ ಬಂದು ಹೊಲವನ್ನು ಚೆನ್ನಾಗಿ ನೆನೆಸಿತು. ಎಲ್ಲರೂ ಪಂಡಿತನ ಮುಖ ನೋಡಿದರು. ಪಂಡಿತ, "ಕಡಲೆ ಹಾಕೋಣ" ಎಂದುಬಿಟ್ಟ.

ಆ ಹೊಲದ ಕೆಲಸವನ್ನು ಮೊದಲಿನಿಂದ ನೋಡಿಕೊಂಡು ಬಂದವರು ರತ್ನಮ್ಮ. ಗೌರಿಯ ತವರಿನ ಪಕ್ಕದ ಮನೆಯಾಕೆ. ಗೌರಿಗೆ ಆಕೆ ರತ್ನಕ್ಕ, ಆ ವರಸೆಯಲ್ಲಿ ಆಕೆಗೆ ನಾನು ಬಾವ. ನಮ್ಮ ಹೊಲದಲ್ಲಿ ಕೆಲಸವಿಲ್ಲದ ದಿನ ಆಕೆ ಸುತ್ತಮುತ್ತಲ ಸೇವಂತಿಗೆ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ನಾನು ಹೊಲಕ್ಕೆ ಇಳಿದರೆ ಆಕೆಗೆ ಅರ್ಧ ನಗು, ಅರ್ಧ ಭಯ.

ನಾನು ಕೃಷಿ ಕಚೇರಿಯಿಂದ ಒಂದು ಕರಪತ್ರ ತಂದೆ. ಬೀಜಕ್ಕೆ ಬೆಲ್ಲದ ನೀರು ಚಿಮುಕಿಸಿ, ಅವರು ಕೊಟ್ಟ ಕಪ್ಪು ಪುಡಿಯನ್ನು ಲೇಪಿಸಿ ನೆರಳಲ್ಲಿ ಒಣಗಿಸಬೇಕು, ಅದರಿಂದ ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಬಲ ಬರುತ್ತದೆ ಎಂದು ಬರೆದಿತ್ತು. ಕೆ.ಜಿ.ಎಫ್.ನ ಉರಿಗಾಂನಲ್ಲಿರುವ ನಮ್ಮ ಮನೆಯ ಜಗಲಿ ಮೇಲೆ ಗೌರಿಯ ಹೊಸ ಬೆಡ್‌ಶೀಟು ಹಾಸಿ ಹಾಗೆಯೇ ಮಾಡಿದೆ. ಬೆಲ್ಲದ ವಾಸನೆಗೆ ಬೀದಿಯ ಇರುವೆಗಳೆಲ್ಲ ಬಂದವು. ಪಕ್ಕದ ಮನೆಯ ಆರೋಕ್ಯಂ ತಾತನೂ ಬಂದರು. ಅವರು ಚಾಂಪಿಯನ್ ರೀಫ್ಸ್ ಕಡೆ ಚಿನ್ನದ ಗಣಿಯೊಳಗೆ ಇಳಿದು ದುಡಿದವರು, ಈಗ ಎಂಬತ್ತು ದಾಟಿದೆ.

"ಎನ್ನಪ್ಪಾ ತಂಬಿ, ಕಡ್ಲೆಗೆ ಪೌಡರ್ ಹಾಕ್ತಾ ಇದೀಯಾ? ಸ್ಕೂಲಿಗೆ ಕಳ್ಸಕ್ಕಾ?" ಎಂದು ಕೇಳಿದರು.

ಸಾಲಿನಿಂದ ಸಾಲಿಗೆ ಒಂದಡಿ, ಕಾಳಿನಿಂದ ಕಾಳಿಗೆ ನಾಲ್ಕು ಇಂಚು ಎಂದಿತ್ತು ಕರಪತ್ರ. ನಾನು ಉದ್ದನೆಯ ಹಗ್ಗಕ್ಕೆ ನಾಲ್ಕು ಇಂಚಿಗೊಂದು ಗಂಟು ಹಾಕಿ, ಗಂಟಿಗೆ ಕೆಂಪು ಬಣ್ಣ ಬಳಿದುಕೊಂಡು ಹೋದೆ. ಸಾಲಿನ ಉದ್ದಕ್ಕೂ ಹಗ್ಗ ಎಳೆದು, ಕುಕ್ಕರಗಾಲಲ್ಲಿ ಕೂತು, ಗಂಟಿಗೊಂದು ಕಾಳು ಇಟ್ಟು, ಸ್ಕೇಲಿನಿಂದ ಆಳ ನೋಡತೊಡಗಿದೆ.

"ಬಾವ, ಎತ್ತು ನಿಂತ್ಕಂಡು ನಿಮ್ಮನ್ನೇ ನೋಡ್ತಾವೆ. ಒತ್ತು ಮುಳುಗೋದ್ರಾಗೆ ಒಂದ್ ಸಾಲಾದ್ರೂ ಆಗ್ತೈತಾ? ಏಳಿ ಮ್ಯಾಲೆ, ನನ್ ಕೈಗೆ ಅಳತೆ ಗೊತ್ತೈತೆ" ಎಂದ ರತ್ನಮ್ಮ, ನೇಗಿಲ ಹಿಂದೆ ನಡೆಯುತ್ತ ಬೆರಳ ಸಂದಿಯಿಂದ ಕಾಳು ಬಿಡುತ್ತ ಹೋದರು. ಆಮೇಲೆ ನಾನು ಕದ್ದು ಮಣ್ಣು ಕೆದಕಿ ಸ್ಕೇಲು ಇಟ್ಟು ನೋಡಿದೆ. ಆಕೆಯದು ಹೆಚ್ಚುಕಡಿಮೆ ನಾಲ್ಕೇ ಇಂಚು. ನನ್ನ ಹಗ್ಗ ಎಳೆದೆಳೆದು ಹಿಗ್ಗಿದ್ದರಿಂದ ನನ್ನದು ಐದಾಗಿತ್ತು. ಕೆಂಪು ಚೀಟಿ ಯಾರಿಗೆ ಅಂಟಿಸಬೇಕೆಂದು ಗೊಂದಲವಾಗಿ ಸ್ಕೇಲನ್ನು ಜೇಬಿಗೆ ಸೇರಿಸಿದೆ.

ಮೊಳಕೆ ಬರುವ ಮೊದಲೇ ಕಳೆನಾಶಕ ಸಿಂಪಡಿಸಬಹುದು ಎಂದೂ ಕರಪತ್ರದಲ್ಲಿತ್ತು. ಅದನ್ನು ಹೇಳಿದರೆ ರತ್ನಮ್ಮ ಒಪ್ಪಲಿಲ್ಲ. "ಔಷ್ದಿ ಒಡೆದ್ರೆ ಸಾರಿಗೆ ಸೊಪ್ಪು ಎಲ್ಲಿಂದ ತರನ? ಇಪ್ಪತ್ತು ದಿನ ಆಗ್ಲಿ, ನಾನು ಕೈಯಾಗೇ ಕೀಳ್ತೀನಿ" ಎಂದರು. ಇದಕ್ಕೆ ಕರಪತ್ರ ಏನು ಹೇಳುತ್ತದೋ ನೋಡೋಣ ಎಂದರೆ ಅದು ಅಷ್ಟರಲ್ಲಿ ನನ್ನ ಜೇಬಿನ ಸಮೇತ ಇದೇ ವಾಷಿಂಗ್ ಮೆಷಿನ್ನಿಗೆ ಹೋಗಿ, ಬಿತ್ತನೆಯ ಭಾಗ ಉಳಿದು ಮಿಕ್ಕದ್ದೆಲ್ಲ ಅಂಬಲಿಯಾಗಿತ್ತು.

ಕಳೆ ಕೀಳುವ ದಿನ ನಾನೂ ರಜೆ ಹಾಕಿ ಹೋದೆ. ಮೊದಲ ಅರ್ಧ ಗಂಟೆಯಲ್ಲಿ ಮೂರು ಕಡಲೆ ಗಿಡ ಕಿತ್ತೆ. ಒಂದು ಕಳೆಯ ಗಿಡ ಬಲು ಲಕ್ಷಣವಾಗಿದೆಯೆಂದು ಅದರ ಬುಡಕ್ಕೆ ಮಣ್ಣು ಏರಿಸಿದೆ. ರತ್ನಮ್ಮ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಎಂದು ಒಂದೊಂದನ್ನೇ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು, ಇನ್ನು ಕೆಲವನ್ನು ಬದುವಿಗೆ ಎಸೆಯುತ್ತಿದ್ದರು. ಈ ಕಡೆ ಹೊಲದಲ್ಲಿ ಹೀಗೆ ಸಿಕ್ಕಿದ್ದನ್ನೆಲ್ಲ ಕೂಡಿಸಿ ಬೇಯಿಸಿ ಮಸೆದು ಮಸ್ಸೊಪ್ಪು ಮಾಡುತ್ತಾರೆ. ಬೆರಕೆ ಸೊಪ್ಪಿನ ಮಸ್ಸೊಪ್ಪು ಇದ್ದರೆ ಮುದ್ದೆ ತಾನಾಗಿ ಗಂಟಲಿಗೆ ಇಳಿಯುತ್ತದೆ.

"ಹಾಗಾದ್ರೆ ಇದರಲ್ಲಿ ಕಳೆ ಯಾವುದು ರತ್ನಮ್ಮಾ?" ಎಂದು ಕೇಳಿದೆ.

"ಬೆಂದ್ರೆ ಸಾರು, ಬೇಯ್ದೇ ಇದ್ರೆ ಕಳೆ" ಎಂದರು. ನನ್ನ ಇಪ್ಪತ್ತೆರಡು ವರ್ಷದ ತಪಾಸಣೆಯ ಕೆಲಸದಲ್ಲಿ ಇಂಥ ನಿಯಮವನ್ನು ನಾನು ಕೇಳಿರಲಿಲ್ಲ.

ಇಷ್ಟು ಹೇಳಿದ ಮೇಲೆ ಗೇಟಿನ ವಿಷಯ ಹೇಳಬೇಕು. ನಮ್ಮ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹೊರಗೆ ಬರುವಾಗ ಗೇಟಿನಲ್ಲಿ ಕಾವಲಿನವರು ಚೀಲ ನೋಡುತ್ತಾರೆ, ಊಟದ ಡಬ್ಬಿ ತೆರೆಸುತ್ತಾರೆ. ನಾನು ದಿನಾ ಮಾತಾಡುತ್ತಲೇ ಡಬ್ಬಿ ತೆರೆದು, ಮಾತಾಡುತ್ತಲೇ ಮುಚ್ಚಿ ಬರುತ್ತೇನೆ. ಅದು ನನಗೆ ಚಪ್ಪಲಿ ಹಾಕಿಕೊಂಡಷ್ಟೇ ಸಹಜ. ಅದರಲ್ಲಿ ಯಾರಿಗಾದರೂ ನೋವಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಬಿತ್ತಿ ಒಂದು ತಿಂಗಳು ದಾಟಿದ ಮೇಲೆ ಒಂದು ಶನಿವಾರ, ಮೊದಲ ಪಾಳಿ ಮುಗಿಸಿ ಹಾಗೇ ಬೈಕಿನಲ್ಲಿ ಹೊಲಕ್ಕೆ ಹೋದೆ. ಬದುವಿನಿಂದ ನೋಡಿದರೆ ಆರು ಸಾಲು ಗಿಡಕ್ಕೆ ತಲೆಯೇ ಇಲ್ಲ! ಎಲ್ಲ ಗಿಡದ ಎಳೆ ಕುಡಿ ಮಾಯವಾಗಿ ಮೊಟುಮೊಟಾಗಿ ನಿಂತಿವೆ. ರತ್ನಮ್ಮ ತುಂಬಿದ ಮಡಿಲು ಹಿಡಿದುಕೊಂಡು ಏಳನೆಯ ಸಾಲಿನಿಂದ ಎದ್ದು ಬಂದರು.

"ಏನದು ಮಡಿಲಲ್ಲಿ?" ಎಂದೆ.

"ಸೊಪ್ಪು, ಬಾವ."

"ಯಾವ ಸೊಪ್ಪು? ಬಿಚ್ಚಿ ತೋರ್ಸಿ."

ತಮಾಷೆಯೆಂದುಕೊಂಡು ಆಕೆ ನಕ್ಕರು. ನಾನು ನಗಲಿಲ್ಲ. ಗೇಟಿನ ಕಾವಲಿನವರ ಹಾಗೆ ಕೈ ಚಾಚಿ ದಾರಿಗೆ ಅಡ್ಡ ನಿಂತೆ. ಆ ಹೊಲಕ್ಕೆ ಬೇಲಿಯೂ ಇಲ್ಲ, ಗೇಟು ಎಲ್ಲಿಂದ ಬರಬೇಕು? ಆದರೂ ನಾನು ನಿಂತ ಜಾಗ ಗೇಟಾಯಿತು. ಆಕೆಯ ನಗು ಮೆಲ್ಲಗೆ ಇಳಿಯಿತು. ಮಡಿಲು ಸಡಿಲಿಸಿದರು. ಒಳಗೆ ಬರೀ ಕಡಲೆಯ ಕುಡಿ.

"ನಿಂತ ಬೆಳೆಯನ್ನೇ ಕಿತ್ತು ಮನೆಗೆ ಒಯ್ತೀರಾ?" ಎಂದು ಕೂಗಿದೆ.

"ಚಿವುಟಿದ್ರೆ ಕವಲು ಒಡೀತೈತೆ ಬಾವ. ಸೇವಂತ್ಗೆಗೂ ಅಂಗೇ ಮಾಡ್ತೀವಿ."

"ತಲೆ ಕಿತ್ತರೆ ಗಿಡ ಬೆಳೆಯುತ್ತಾ? ನನಗೆ ಕಡಲೆ ಹೇಳಿಕೊಡ್ತೀರಾ? ಗದಗಿನವನು ನಾನು! ಇದಕ್ಕೆ ಏನಂತಾರೆ ಗೊತ್ತಾ?"

ಏನೆನ್ನುತ್ತಾರೆಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ರತ್ನಮ್ಮ ಕುಡಿಯನ್ನೆಲ್ಲ ಬದುವಿನ ಮೇಲೆ ಸುರಿದು, ಸೆರಗನ್ನು ಎರಡು ಸಲ ಕೊಡವಿ, "ಇನ್ನೇನೂ ಇಲ್ಲ, ನೋಡ್ಕಳಿ ಸಾ" ಎಂದು ತಿರುಗಿ ನೋಡದೆ ನಡೆದುಬಿಟ್ಟರು. ಅಲ್ಲಿಯವರೆಗೆ ಆಕೆ ನನ್ನನ್ನು ಸಾ, ಅಂದರೆ ಸಾರ್, ಎಂದು ಕರೆದದ್ದಿಲ್ಲ. ನಾನು ಆ ಕುಡಿಯನ್ನು ಸಾಕ್ಷಿಗೆಂದು ಊಟದ ಚೀಲಕ್ಕೆ ತುಂಬಿಕೊಂಡೆ.

ಮನೆಗೆ ಬಂದಾಗ ಆರೋಕ್ಯಂ ತಾತ ಜಗಲಿಯ ಮೇಲಿದ್ದರು. ಶಭಾಷ್ ಎನ್ನುತ್ತಾರೆಂದು ಅವರಿಗೆ ಎಲ್ಲ ಹೇಳಿದೆ. ಅವರು ಕೋಲನ್ನು ಗೋಡೆಗೆ ಒರಗಿಸಿದರು, ಕಷ್ಟಪಟ್ಟು ಎದ್ದು ನಿಂತರು, ಕಾಲು ಅಗಲಿಸಿ, ಎರಡು ಕೈಯನ್ನೂ ಮೇಲೆ ಎತ್ತಿದರು. ಆ ವಯಸ್ಸಿಗೆ ಕೈ ಪೂರ್ತಿ ಮೇಲೆ ಏರಲಿಲ್ಲ.

"ದಿನಾ ಇಪ್ಪಡಿ ನಿಂತ್ಕೋಬೇಕು ತಂಬಿ" ಎಂದರು. "ಕೆಳಗಿಂದ ಮೇಲೆ ಬಂದ ಮೇಲೆ. ಬಾಯೂ ತೆಗೀಬೇಕು. ನಾನು ಒಂದು ಚೂರೂ ತಗೊಂಡಿಲ್ಲ. ಆದ್ರೂ ಮನೆಗೆ ಬಂದು ಮಕ್ಕಳ ಮುಖ ನೋಡಕ್ಕೆ ಸ್ವಲ್ಪ ಹೊತ್ತು ಬೇಕಾಗ್ತಿತ್ತು."

ಕೈ ಇಳಿಸಿ, ಕೋಲು ತೆಗೆದುಕೊಂಡು ಒಳಗೆ ಹೋದರು. ನನಗೆ ಸಿಟ್ಟು ಬಂತು. ಚಿನ್ನಕ್ಕೂ ಕಡಲೆಗೂ ಏನು ಸಂಬಂಧ ಎಂದುಕೊಂಡೆ. ಆದರೆ ಆ ಅರ್ಧಕ್ಕೇ ನಿಂತ ಕೈ ಕಣ್ಣಮುಂದಿನಿಂದ ಹೋಗಲಿಲ್ಲ. ಗೌರಿಗೆ ಹೇಳಿದಾಗ ಅವಳು, "ಸೊಪ್ಪು ಕೂಲಿಯೋರದು ಅಂತ ನಮ್ಮವ್ವನ ಕಾಲದಿಂದ ಇರೋದು. ಅದೂ ಅಲ್ದೆ ಹೊಲ ನಂದು. ಅದಕ್ಕೆ ಗೇಟು ಯಾವಾಗ ಕಟ್ಟಿಸಿದ್ರಿ?" ಎಂದು ಊಟದ ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಭಾನುವಾರ ಮಧ್ಯಾಹ್ನ ಮುದ್ದೆಯ ಜೊತೆ ಮಸ್ಸೊಪ್ಪು ಬಂತು. ಒಂದು ತುತ್ತು ಅದ್ದಿ ನುಂಗಿದವನು ಹಾಗೇ ಕೂತುಬಿಟ್ಟೆ. ಹುಳಿ. ಹುಣಸೆಯದಲ್ಲ, ಟೊಮೆಟೊದ್ದೂ ಅಲ್ಲ. ಪಾಟಿ ಉಜ್ಜಿದ ಬೆರಳಿನ ಹುಳಿ. ಜೋಳದ ರೊಟ್ಟಿಯ ಮೇಲಿನ ಹುಳಿ.

"ಏನು ಹಾಕಿದ್ದೀಯಾ ಇದಕ್ಕೆ?"

"ನಿಮ್ಮ ಸಾಕ್ಷಿ" ಎಂದಳು ಗೌರಿ.

ಕೈ ತೊಳೆದವನೇ ಗದಗಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅವ್ವ ಕಡ್ಲಿ ಪಲ್ಯ ಎಲ್ಲಿಂದ ತರುತ್ತಿದ್ದಳು ಎಂದು ಕೇಳಿದೆ.

"ಎಲ್ಲಿಂದ ಅಂದ್ರ? ಮಂದಿ ಹೊಲದಿಂದ. ನಮಗೆಲ್ಲಿತ್ತೋ ತಮ್ಮಾ ಹೊಲ?"

"ಕದ್ದು ತರ್ತಿದ್ಲೇನು?"

"ಏ ಹುಚ್ಚಾ! ಕುಡಿ ಚೂಟಾಕ ಹೊಲದವರ ಕರೀತಿದ್ರು. ಚೂಟಿದ್ರ ಗಿಡ ಕವಲ ಒಡದು ಹರವಾಗಿ ಕುಂಡರತೈತಿ, ಕಾಯಿ ಹೆಚ್ಚ ಹಿಡೀತಾವ. ಚೂಟಿದ್ದು ಚೂಟಿದವರಿಗೆ, ಅದ ಕೂಲಿ. ಅವ್ವ ಉಡಿ ತುಂಬ ತರ್ತಿದ್ಲು, ನೀ ಬಕಾಸುರನಂಗ ಮೂರು ರೊಟ್ಟಿ ಹೊಡೀತಿದ್ದಿ. ಹೂ ಕಾಣೂದ್ರೊಳಗ ಚೂಟಬೇಕು, ಆಮ್ಯಾಲೆ ಚೂಟಿದ್ರ ಲುಕ್ಸಾನ. ಗದಗಿನಾಂವ ಆಗಿ ಇಷ್ಟೂ ಗೊತ್ತಿಲ್ಲೇನ?"

ಗೊತ್ತಿರಲಿಲ್ಲ. ಉಡಿ ತುಂಬಿಕೊಂಡು ಹೊಲದ ಬದುವಿನ ಮೇಲೆ ಬರುವ ಅವ್ವನನ್ನು ಅಡ್ಡಗಟ್ಟಿ, ಯಾವನೋ ಒಬ್ಬ ಕೈ ಚಾಚಿ ಬಿಚ್ಚು ಎಂದಿದ್ದರೆ? ಆ ಯಾವನೋ ಒಬ್ಬನ ಮುಖ ನನ್ನದೇ ಆಗಿತ್ತು. ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಅಕ್ಕ, "ನೆಗಡಿ ಆಗೈತೇನೋ?" ಎಂದಳು. ಹೌದು ಎಂದೆ.

ಸೋಮವಾರ ರತ್ನಮ್ಮನ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಗಿಲಲ್ಲಿ ಆಕೆಯನ್ನು ಕಂಡದ್ದೇ ಎಲ್ಲ ಕಲಸಿಹೋಯಿತು. ನಮ್ಮಕ್ಕ, ಕವಲು, ರೊಟ್ಟಿ, ಆರೋಕ್ಯಂ ತಾತ ಎಂದು ಏನೇನೋ ಹೇಳಿದೆ. ನೀವೇ ಸರಿ, ನಿಮಗೆ ಗೊತ್ತಿರುವಷ್ಟು ಕೃಷಿ ಕಚೇರಿಗೂ ಗೊತ್ತಿಲ್ಲ ಎಂದೆ.

"ಮೊನ್ನೆ ಕಳ್ಳಿ ಮಾಡಿದ್ರಿ, ಇವತ್ತು ಪಂಡಿತೆ ಮಾಡ್ತೀರಾ? ನಾನು ಎಲ್ಡೂ ಅಲ್ಲ ಸಾ. ತೋಟಕ್ಕೆ ಒತ್ತಾಯ್ತು, ಓಗ್ಬೇಕು" ಎಂದು ಆಕೆ ಬುತ್ತಿ ಎತ್ತಿಕೊಂಡು ಹೊರಟುಬಿಟ್ಟರು.

ಮರುದಿನದಿಂದ ಪಾಳಿ ಮುಗಿಸಿ ನಾನೇ ಹೊಲಕ್ಕೆ ಹೋಗಿ ಕುಡಿ ಚಿವುಟತೊಡಗಿದೆ. ಎಷ್ಟು ಉದ್ದ ಚಿವುಟಬೇಕೆಂದು ಗೊತ್ತಿಲ್ಲ. ರತ್ನಮ್ಮ ಚಿವುಟಿದ ಸಾಲಿಗೂ ಉಳಿದ ಸಾಲಿಗೂ ಸ್ಕೇಲು ಇಟ್ಟು ವ್ಯತ್ಯಾಸ ನೋಡಿದೆ. ಒಂದು ಗಿಡಕ್ಕೆ ಹೆಚ್ಚಾಗುತ್ತಿತ್ತು, ಇನ್ನೊಂದಕ್ಕೆ ಕಮ್ಮಿ. ಬೆರಳ ತುದಿ ಬಿರಿದು ಹುಳಿ ತಾಗಿ ಉರಿಯುತ್ತಿತ್ತು. ಎರಡು ದಿನಕ್ಕೆ ಎರಡು ಸಾಲು ಮುಗಿಯಿತು. ಈ ಲೆಕ್ಕದಲ್ಲಿ ನಾನು ಮುಗಿಸುವುದರೊಳಗೆ ಗಿಡ ಹೂ ಬಿಟ್ಟು, ಕಾಯಿ ಕಟ್ಟಿ, ಒ​ಣಗಿಯೂ ಹೋಗುತ್ತಿತ್ತು.

ಮೂರನೆಯ ದಿನ ಹೋದಾಗ ಅರ್ಧ ಹೊಲ ಆಗಲೇ ಚಿವುಟಿ ಮುಗಿದಿತ್ತು. ರತ್ನಮ್ಮ ಬಗ್ಗಿದ ಬೆನ್ನು ಎತ್ತದೆ ಎರಡೂ ಕೈಯಲ್ಲಿ ಚಟಚಟ ಚಿವುಟುತ್ತ ಸಾಗುತ್ತಿದ್ದರು. "ಗೌರಿ ಒಲ ಅಂತ ಬಂದೆ. ನಿಮ್ಗಲ್ಲ" ಎಂದರು. ನಾನು ಪಕ್ಕದ ಸಾಲು ಹಿಡಿದೆ. ಸಂಜೆಯವರೆಗೆ ಇಬ್ಬರೂ ಚಿವುಟಿದೆವು.

ಕೆಲಸ ಮುಗಿದ ಮೇಲೆ ಆಕೆ ನೇರ ನನ್ನ ಎದುರಿಗೆ ಬಂದು ನಿಂತು ಮಡಿಲು ಬಿಚ್ಚಿ ಹಿಡಿದರು. "ನೋಡ್ಕಳಿ ಸಾ" ಎಂದರು. ಬೈದಿದ್ದರೆ ವಾಸಿಯಿತ್ತು. ಭೂಮಿ ಬಾಯಿಬಿಡಲಿ ಎನ್ನುತ್ತಾರಲ್ಲ, ಹಾಗಾಯಿತು. ಆ ಗಾಬರಿಯಲ್ಲಿ ನಾನು ಕಾಲು ಅಗಲಿಸಿ ಎರಡೂ ಕೈ ಮೇಲೆ ಎತ್ತಿ ನಿಂತುಬಿಟ್ಟೆ.

"ಇದೇನ್ ಸಾ?"

"ನನ್ನ ಜೇಬೂ ನೋಡಿ" ಎಂದೆ.

ಆಕೆ ಸುತ್ತ ನೋಡಿದರು. ಯಾರೂ ಇರಲಿಲ್ಲ. ಬೆರಳ ತುದಿಯಲ್ಲಿ ನನ್ನ ಅಂಗಿಯ ಜೇಬಿನಿಂದ ಸ್ಕೇಲು, ಪೆನ್ನು, ಕಾರ್ಖಾನೆಯ ಪಾಸು ಒಂದೊಂದೇ ತೆಗೆದು, ತಿರುಗಿಸಿ ನೋಡಿ, ವಾಪಸು ಇಟ್ಟರು. "ಊಂ, ಓಗಿ" ಎಂದರು. ಮುಖ ಬಿಗಿಯಾಗಿಯೇ ಇತ್ತು. ಮಡಿಲು ತುಂಬ ಕುಡಿ ಹೊತ್ತುಕೊಂಡು ಹೋದರು.

ಅಂದಿನಿಂದ ಅದು ನಮ್ಮ ಹೊಲದ ಪದ್ಧತಿಯಾಯಿತು. ನಲವತ್ತು ದಿನದ ಆಸುಪಾಸಿನ ಎರಡನೆಯ ಕಳೆಗೂ, ಆಮೇಲೆ ಹುಳ ಆರಿಸುವುದಕ್ಕೂ ಹೋದಾಗೆಲ್ಲ ಸಂಜೆ ನಾನು ಕೈ ಎತ್ತಿ ನಿಲ್ಲಬೇಕು, ರತ್ನಮ್ಮ ಜೇಬು ನೋಡಬೇಕು. ಆಕೆ ಮಡಿಲು ಬಿಚ್ಚುವುದನ್ನು ನಿಲ್ಲಿಸಿದರು. ಸಾ ಎನ್ನುವುದನ್ನು ನಿಲ್ಲಿಸಲಿಲ್ಲ.

ಕಡಲೆ ಚೆನ್ನಾಗಿ ಬಂತು. ಆಕೆ ಮೊದಲು ಚಿವುಟಿದ ಆರು ಸಾಲು ಎಲ್ಲಕ್ಕಿಂತ ಹರವಾಗಿ ಕೂತು ಮೈತುಂಬ ಕಾಯಿ ಹಿಡಿದವು. ನಾನು ಸ್ಕೇಲು ಹಿಡಿದು ಚಿವುಟಿದ ಎರಡು ಸಾಲನ್ನು ಯಾರಿಗೂ ತೋರಿಸಲಿಲ್ಲ. ಊರಿನವರು ಗುಟ್ಟೇನು ಎಂದು ಪಂಡಿತನನ್ನು ಕೇಳಿದರು. ಬೆಲ್ಲದ ನೀರೋ, ಕಪ್ಪು ಪುಡಿಯೋ, ನಾಲ್ಕು ಇಂಚೋ, ಹೊತ್ತಿಗೆ ಸರಿಯಾಗಿ ಕಿತ್ತ ಕಳೆಯೋ, ಚಿವುಟಿದ ಕುಡಿಯೋ, ಯಾವುದೆಂದು ಇವತ್ತಿಗೂ ನನಗೆ ಬಗೆಹರಿದಿಲ್ಲ. ರತ್ನಮ್ಮನನ್ನು ಕೇಳಿ ಎಂದೆ. ಆಮೇಲೆ ಅದೇ ಕರಪತ್ರದ ಇನ್ನೊಂದು ಪ್ರತಿ ಸಿಕ್ಕಿತು. ಮೂವತ್ತರಿಂದ ಮೂವತ್ತೈದು ದಿನಕ್ಕೆ ಕುಡಿ ಚಿವುಟಬೇಕು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲೇ ಇತ್ತು.

ಹೋದ ವಾರ ಒಕ್ಕಣೆಯಾಯಿತು. ಕಾಯಿ ಉದುರದಿರಲೆಂದು ಇಬ್ಬನಿ ಆರುವ ಮೊದಲೇ ಗಿಡ ಕಿತ್ತು, ಒಣಗಿಸಿ, ಬಡಿದು, ತೂರಿ ರಾಶಿ ಮಾಡುವಷ್ಟರಲ್ಲಿ ಮೂರು ದಿನ ಹಿಡಿಯಿತು. ಕೊನೆಯ ಸಂಜೆ ಎಂದಿನಂತೆ ಕೈ ಎತ್ತಿ ನಿಂತೆ. ರತ್ನಮ್ಮ ಜೇಬಿಗೆ ಕೈ ಹಾಕಿದರು. ಹಿಡಿ ತುಂಬ ಕಡಲೆ ಬಂತು! ತೂರುವಾಗ ಬಾಯಿಗೆ ಹಾಕಿಕೊಳ್ಳಲೆಂದು ಯಾವಾಗಲೋ ತುಂಬಿಕೊಂಡು ಮರೆತೇಬಿಟ್ಟಿದ್ದೆ. ನನ್ನ ಮುಖ ಸುಟ್ಟ ಬದನೆಕಾಯಿಯಾಯಿತು.

ಆಕೆ ನನ್ನನ್ನೂ ಕಾಳನ್ನೂ ನೋಡಿದರು. ಕೈ ಇಳಿಸಲು ನನಗೆ ಧೈರ್ಯವಾಗಲಿಲ್ಲ. ಆಮೇಲೆ ಹಿಡಿಯನ್ನು ರಾಶಿಗೆ ಸುರಿದು, ಅದರಿಂದ ಒಂದೇ ಒಂದು ಕಾಳು ಹೆಕ್ಕಿ, ಊದಿ, ನನ್ನ ಜೇಬಿಗೆ ಹಾಕಿ ಮೇಲಿನಿಂದ ಎರಡು ಸಲ ತಟ್ಟಿದರು.

"ಇದು ನಿಮ್ ಕೂಲಿ, ಬಾವ" ಎಂದರು.

ಆ ಶರ್ಟನ್ನೇ ಗೌರಿ ಮೆಷಿನ್ನಿಗೆ ಹಾಕಿದ್ದಳು. ಅವಳು ಇನ್ನೂ ಜಾಲರಿ ಹಿಡಿದುಕೊಂಡು ನಿಂತಿದ್ದಳು. "ಮೂಗನ ಹಾಗೆ ನಿಂತ್ರೆ ಹೇಗೆ? ಎಸೀಲಾ ಬೇಡ್ವಾ?" ಎಂದಳು.

"ಬೇಡ. ರತ್ನಮ್ಮ ಕೊಟ್ಟದ್ದು. ನಾನು ಮಾಡಿದ ಕೆಲಸಕ್ಕೆ ಕೂಲಿ" ಎಂದೆ.

ಗೌರಿ ನನ್ನ ಅಂಗೈಯ ಮೇಲಿನ ಕಾಳನ್ನು ನೋಡಿದಳು, ನನ್ನ ಮುಖ ನೋಡಿದಳು.

"ಪೂರ್ತಿ ಒಂದು ಕಾಳಾ?" ಎಂದಳು. "ಜಾಸ್ತೀನೇ ಕೊಟ್ಟಿದ್ದಾಳೆ ರತ್ನಕ್ಕ."